ಲೈಬ್ರರಿ ಕಿತ್ತು ಫೆಚ್ ಕೈಯಾರೆ ಬರೆದೆ

ಶಿರಸಿ ಕಡೆಯ ಒಬ್ಬ ಗೊಬ್ಬರದ ವ್ಯಾಪಾರಿಗೆ ಆರ್ಡರ್ ಬರೆದುಕೊಳ್ಳೋ ವೆಬ್ ಪುಟ ಮಾಡಿಕೊಟ್ಟಿದ್ದೆ. ಅವರ ಹುಡುಗರು ತಿರುಗೋ ಘಟ್ಟದ ಊರುಗಳಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದರೆ ಹೆಚ್ಚು. ಪುಟದಲ್ಲಿ ಜೆಕ್ವೆರಿ, ಆಕ್ಸಿಯೋಸ್ ಅನ್ನೋ ಎರಡು ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಇದ್ದವು. ಜಿಜಿಪ್ ಮಾಡಿ ಕುಗ್ಗಿಸಿದರೂ 40 ಕೆಬಿ ಮೇಲೆ. ಎರಡನ್ನೂ ಕಿತ್ತು, ಸರ್ವರ್ ಜೊತೆ ಮಾತಾಡೋಕೆ ಬ್ರೌಸರಿನಲ್ಲೇ ಇರೋ ಫೆಚ್‌ನಲ್ಲಿ ಬರೀತೀನಿ ಅಂದೆ. ಬೆಂಗಳೂರಿನ ಗೆಳೆಯ, "ಮಾರಾಯ, ಸಾವಿರಾರು ಜನ ಬಳಸಿ ಪಳಗಿಸಿದ್ದನ್ನ ಬಿಟ್ಟು ನೀನೊಬ್ಬನೇ ಏನು ಬರೀತೀಯ?" ಅಂದ.

ಮೊದಲ ವಾರ ಅವನ ಮಾತೇ ಗೆದ್ದಿತು. ಸರ್ವರ್ 500 (ತನ್ನಲ್ಲೇ ತಪ್ಪಾಯ್ತು ಅನ್ನೋ ಸಂಕೇತ) ಕೊಟ್ಟರೂ ಫೆಚ್ ಎರರ್ ಹಿಡಿಯೋ ಕ್ಯಾಚ್ ಭಾಗಕ್ಕೆ ಹೋಗೋದಿಲ್ಲ, ಉತ್ತರ ಬಂತಲ್ಲ ಅಂತ ಮುಂದಕ್ಕೆ ಹೋಗುತ್ತೆ. ಇಷ್ಟು ವರ್ಷ ಆಕ್ಸಿಯೋಸ್ ತಾನೇ ಎರರ್ ಎಸೀತಿತ್ತು, ಉತ್ತರದಲ್ಲಿ 'ಓಕೆ' (ಕೆಲಸ ಆಯ್ತೋ ಇಲ್ಲವೋ ಅನ್ನೋ ಗುರುತು) ಪರೀಕ್ಷಿಸೋ ರೂಢಿಯೇ ನನಗಿರಲಿಲ್ಲ. ಪರದೆ ಮೇಲೆ ಹಸಿರು ಟಿಕ್, ಡೇಟಾಬೇಸ್ ಖಾಲಿ. ಹನ್ನೊಂದೋ ಹನ್ನೆರಡೋ ಆರ್ಡರ್ ಕಳೆದುಹೋದವು. ವ್ಯಾಪಾರಿ ನನ್ನ ಬಿಲ್ಲಿನಲ್ಲಿ ಏಳು ಸಾವಿರ ತಡೆದರು.

ಅದು ಸರಿಯಾದ ಮೇಲೆ ಇನ್ನೂ ದೊಡ್ಡ ಪೆಟ್ಟು. ಉತ್ತರ ಬರದಿದ್ದರೆ ಮತ್ತೆ ಕಳಿಸು ಅಂತ ಬರೆದಿದ್ದೆ. ಆರ್ಡರ್ ಸರ್ವರ್ ಮುಟ್ಟಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದರೆ? ಒಬ್ಬ ರೈತರ ಮನೆಗೆ 20 ಚೀಲ ಯೂರಿಯಾ ಎರಡು ಸಲ ಹೋಯ್ತು. ವಾಪಸ್ ತಂದ ಟೆಂಪೋ ಬಾಡಿಗೆ ನಾನೇ ಕೊಟ್ಟೆ, 1,800. ಇದನ್ನು ಯಾವ ಲೈಬ್ರರಿಯೂ ತಾನಾಗಿ ತಡೆಯೋದಿಲ್ಲ. ಈಗ ಪ್ರತಿ ಆರ್ಡರ್‌ಗೂ ಮೊಬೈಲಿನಲ್ಲೇ ಒಂದು ಯುಯುಐಡಿ (ಬೇರೆ ಯಾವುದಕ್ಕೂ ಬಾರದ ಗುರುತಿನ ಸಂಖ್ಯೆ) ಹುಟ್ಟುತ್ತೆ, ಡೇಟಾಬೇಸಿನಲ್ಲಿ ಅದು ಯುನೀಕ್, ಎರಡನೇ ಸಲ ಸೇರಿಸೋಕೆ ಬಿಡಲ್ಲ. ಹತ್ತು ಸಲ ಕಳಿಸಿದರೂ ಒಂದೇ ಸಾಲು.

ಹುಡುಕೋ ಬಾಕ್ಸಿನಲ್ಲಿ ಹಳೇ ಉತ್ತರ ತಡವಾಗಿ ಬಂದು ಹೊಸದರ ಮೇಲೆ ಕೂರೋ ಕಾಟವನ್ನು ಅಬಾರ್ಟ್‌ಕಂಟ್ರೋಲರ್ (ಕಳಿಸಿದ ಕೋರಿಕೆಯನ್ನು ನಡುವೆಯೇ ರದ್ದು ಮಾಡೋ ಬ್ರೌಸರಿನ ಸೌಲಭ್ಯ) ನಿಲ್ಲಿಸಿತು. ಉತ್ತರಕ್ಕೆ ಕಾಯೋದಕ್ಕೆ ಮಿತಿ ಹಾಕೋ ಟೈಮೌಟ್‌ಗೂ ಅದೇ. ಎಷ್ಟು ಸೆಕೆಂಡಿಗೆ ಕಡಿಯಬೇಕು, ಮರುಯತ್ನಗಳ ನಡುವೆ ಎಷ್ಟು ಬಿಡಬೇಕು ಅನ್ನೋ ಲೆಕ್ಕ ಮಾತ್ರ ಇಲ್ಲಿ ಬರೆಯೋದಿಲ್ಲ. ಎರಡು ಮಳೆಗಾಲ ಕೂತು ಕಂಡುಕೊಂಡದ್ದು.

ನಡುವೆ ರಸೀದಿ ಫೋಟೋ ಕಳಿಸೋ ಪ್ರಯೋಗವನ್ನೂ ಮಾಡಿದೆ. ಎಷ್ಟು ಪರ್ಸೆಂಟ್ ಹೋಯ್ತು ಅಂತ ತೋರಿಸೋಕೆ ಫೆಚ್‌ನಲ್ಲಿ ದಾರಿ ಸಿಗಲಿಲ್ಲ, ಅದೊಂದಕ್ಕೆ ಫೆಚ್‌ಗೂ ಮೊದಲು ಬ್ರೌಸರಿನಲ್ಲಿದ್ದ ಹಳೇ ಎಕ್ಸ್‌ಎಚ್‌ಆರ್‌ಗೇ ಮರಳಿದೆ. ಫೋಟೋವನ್ನು ಕಳಿಸೋ ಮೊದಲೇ ಕ್ಯಾನ್ವಾಸಿನಲ್ಲಿ (ಬ್ರೌಸರಿನ ಚಿತ್ರ ಬಿಡಿಸೋ ಜಾಗ) ಕುಗ್ಗಿಸಿದೆ: 3 ಎಂಬಿ ಇದ್ದದ್ದು 200 ಕೆಬಿ ಆಸುಪಾಸಿಗೆ ಬಂತು. ನಿಜ ಹೇಳಬೇಕೆಂದರೆ, ಲೈಬ್ರರಿ ತೆಗೆದದ್ದಕ್ಕಿಂತ ಹುಡುಗರಿಗೆ ಹೆಚ್ಚು ಉಪಯೋಗ ಆದದ್ದು ಇದೇ.

ಒಟ್ಟು ಕೋಡ್ ನೂರಿಪ್ಪತ್ತು ಸಾಲು, 2 ಕೆಬಿ ದಾಟಲ್ಲ. ಕಳೆದ ಮಳೆಗಾಲದಿಂದ ಒಂದೂ ಡಬಲ್ ಆರ್ಡರ್ ಇಲ್ಲ. ತಡೆದಿಟ್ಟ ಏಳು ಸಾವಿರ ದೀಪಾವಳಿಗೆ ಮೊದಲು ಜಮಾ ಆಯ್ತು. ಗೆಳೆಯ ಈಗ ಆ ಫೈಲ್ ಕೇಳ್ತಿದ್ದಾನೆ.