ತುಂಬೆ ಹೂವಿಗೂ ಮುಖಚಿತ್ರಕ್ಕೂ ಒಂದೇ ಮ್ಯಾಕ್ರೋ ಲೆನ್ಸ್: ಬಳಸುವ ಬಗೆ

ಹುಳಹುಪ್ಪಟೆ ಮತ್ತು ಹೂವುಗಳ ಚಿತ್ರಕ್ಕೆಂದು ಮ್ಯಾಕ್ರೋ ಲೆನ್ಸ್ ಕೊಂಡವರಲ್ಲಿ ಹಲವರು, ಆರಂಭದ ಉತ್ಸಾಹ ತಗ್ಗಿದ ಮೇಲೆ, ಅದನ್ನು ಬ್ಯಾಗಿನಿಂದ ಹೊರಗೆ ತೆಗೆಯುವುದೇ ಅಪರೂಪವಾಗುತ್ತದೆ. ಇದು ಲೆನ್ಸಿನ ಕೊರತೆಯಲ್ಲ. 90ರಿಂದ 105 ಮಿ.ಮೀ. ನಾಭಿದೂರದ ಮ್ಯಾಕ್ರೋ ಲೆನ್ಸುಗಳು ಭಾವಚಿತ್ರಕ್ಕೂ ಚೆನ್ನಾಗಿ ಒದಗುತ್ತವೆ. ಟ್ಯಾಮ್ರಾನ್ ಸಂಸ್ಥೆ 1979ರಲ್ಲಿ ಹೊರತಂದ 90 ಮಿ.ಮೀ. ಎಫ್/2.5 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಬರುವ ರಂಧ್ರ ದೊಡ್ಡದು) ಲೆನ್ಸ್ ಹಿನ್ನೆಲೆಯನ್ನು ಮೃದುವಾಗಿ ಕರಗಿಸುವ ಗುಣದಿಂದಾಗಿ ಭಾವಚಿತ್ರಕಾರರ ನಡುವೆಯೂ ಹೆಸರು ಗಳಿಸಿತು. ಆದರೆ ಹದಿನೈದು ಸೆಂಟಿಮೀಟರ್ ದೂರದಲ್ಲಿ ಮ್ಯಾಕ್ರೋ ಲೆನ್ಸ್ ವರ್ತಿಸುವ ರೀತಿಗೂ ಎರಡು ಮೀಟರ್ ದೂರದಲ್ಲಿ ವರ್ತಿಸುವ ರೀತಿಗೂ ಬಹಳ ವ್ಯತ್ಯಾಸವಿದೆ. ಆ ವ್ಯತ್ಯಾಸ ತಿಳಿದರೆ ಉಳಿದದ್ದೆಲ್ಲ ಅಭ್ಯಾಸದಿಂದ ಬರುವಂಥದ್ದು.

ಮೊದಲು ಆಯ್ಕೆಯ ವಿಚಾರ. ನಿಜವಾದ ಮ್ಯಾಕ್ರೋ ಲೆನ್ಸ್ 1:1 ಪ್ರಮಾಣವನ್ನು ಮುಟ್ಟುತ್ತದೆ, ಅಂದರೆ ವಸ್ತುವಿನ ಗಾತ್ರವೂ ಸೆನ್ಸರಿನ ಮೇಲೆ ಬೀಳುವ ಬಿಂಬದ ಗಾತ್ರವೂ ಒಂದೇ ಆಗಿರುತ್ತವೆ. ಪರೀಕ್ಷಿಸಲು ಒಂದು ರೂಪಾಯಿಯ ನಾಣ್ಯ ಸಾಕು: 2011ರಲ್ಲಿ ಬಂದ ಸರಣಿಯ ನಾಣ್ಯದ ವ್ಯಾಸ ಸುಮಾರು 22 ಮಿ.ಮೀ., ಫುಲ್‌ಫ್ರೇಮ್ ಸೆನ್ಸರಿನ ಎತ್ತರ 24 ಮಿ.ಮೀ.; ಆದ್ದರಿಂದ 1:1ರಲ್ಲಿ ನಾಣ್ಯವು ಚೌಕಟ್ಟಿನ ಮೇಲಂಚು ಕೆಳಂಚುಗಳನ್ನು ಹೆಚ್ಚುಕಡಿಮೆ ಮುಟ್ಟಬೇಕು. ‘ಮ್ಯಾಕ್ರೋ’ ಎಂದು ಬರೆದುಕೊಂಡ ಹಲವು ಜೂಮ್ ಲೆನ್ಸುಗಳು 1:3 ಅಥವಾ 1:4ಕ್ಕೇ ನಿಂತುಬಿಡುತ್ತವೆ. 60 ಮಿ.ಮೀ. ಮ್ಯಾಕ್ರೋ ಹಗುರವಾದರೂ 1:1ರಲ್ಲಿ ಲೆನ್ಸಿನ ಮುಂಭಾಗಕ್ಕೂ ಹುಳಕ್ಕೂ ನಡುವೆ ಐದರಿಂದ ಹತ್ತು ಸೆಂಟಿಮೀಟರಿನಷ್ಟೇ ಅಂತರವಿರುತ್ತದೆ. ಲೆನ್ಸಿನ ನೆರಳೇ ಹುಳದ ಮೇಲೆ ಬೀಳುತ್ತದೆ, ಹುಳ ಹಾರಿಹೋಗುತ್ತದೆ. 100 ಮಿ.ಮೀ. ಲೆನ್ಸಿನಲ್ಲಿ ಈ ಅಂತರ ಸುಮಾರು 13ರಿಂದ 15 ಸೆಂ.ಮೀ. ಇರುತ್ತದೆ. 180 ಮಿ.ಮೀ. ಇನ್ನೂ ದೂರ ನಿಲ್ಲಲು ಬಿಡುತ್ತದೆ, ಆದರೆ ಅದರ ತೂಕ ಮತ್ತು ಬೆಲೆ ಹವ್ಯಾಸಿಗಳಿಗೆ ಹೊರೆಯೇ ಸರಿ. ಒಂದೇ ಲೆನ್ಸಿನಲ್ಲಿ ಎರಡೂ ಕೆಲಸ ಆಗಬೇಕೆಂದಿದ್ದರೆ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 90–105 ಮಿ.ಮೀ. ಆರಿಸುವುದು ಒಳ್ಳೆಯದು; ಸೆನ್ಸರ್ ಚಿಕ್ಕದಾಗಿರುವ ಎಪಿಎಸ್-ಸಿ ಕ್ಯಾಮೆರಾದಲ್ಲಿ ಇದೇ ಲೆನ್ಸಿನ ನೋಟ ಇನ್ನಷ್ಟು ಕಿರಿದಾಗುವುದರಿಂದ, ಮನೆಯೊಳಗೆ ಮುಖಚಿತ್ರ ತೆಗೆಯುವಾಗ ಹಿಂದೆ ಸರಿಯಲು ಜಾಗ ಸಾಲದೆ ಹೋಗಬಹುದು.

ಹತ್ತಿರದ ಕೆಲಸ

ಅಭ್ಯಾಸಕ್ಕೆ ಚಿಟ್ಟೆಯನ್ನು ಬೆನ್ನಟ್ಟುವುದಕ್ಕಿಂತ ಹಿತ್ತಲಿನ ತುಂಬೆ ಹೂವಿನಿಂದ ತೊಡಗುವುದು ಲೇಸು. ಅದು ಚಿಕ್ಕದು, ಬಿಳಿಯದು, ಎಲ್ಲಿಗೂ ಓಡುವುದಿಲ್ಲ, ಮತ್ತು ಎಕ್ಸ್‌ಪೋಷರ್ ತುಸು ಹೆಚ್ಚಾದರೂ ದಳಗಳ ವಿವರವೆಲ್ಲ ಅಳಿಸಿಹೋಗಿ ನಿಮ್ಮ ತಪ್ಪನ್ನು ಕೂಡಲೇ ತೋರಿಸಿಕೊಡುತ್ತದೆ.

ಹತ್ತಿರ ಹೋದಂತೆ ಎರಡು ತೊಡಕುಗಳು ಒಟ್ಟಿಗೆ ಎದುರಾಗುತ್ತವೆ. ಒಂದು, ಬೆಳಕು ಕಡಿಮೆಯಾಗುತ್ತದೆ: 1:1ರಲ್ಲಿ ಸೆನ್ಸರಿಗೆ ತಲುಪುವ ಬೆಳಕು ಎರಡು ಸ್ಟಾಪ್‌ನಷ್ಟು ಇಳಿಯುವುದರಿಂದ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ) ಎಫ್/2.8 ಎಂದು ಇಟ್ಟದ್ದು ಎಫ್/5.6ರಂತೆ ಕೆಲಸ ಮಾಡುತ್ತದೆ. ನಿಕಾನ್ ಕ್ಯಾಮೆರಾಗಳು ಈ ಬದಲಾದ ಸಂಖ್ಯೆಯನ್ನೇ ತೋರಿಸುತ್ತವೆ, ಕ್ಯಾನನ್ ಕ್ಯಾಮೆರಾಗಳು ನೀವು ಇಟ್ಟ ಸಂಖ್ಯೆಯನ್ನೇ ತೋರಿಸುತ್ತವೆ. ಸ್ನೇಹಿತರ ಸೆಟ್ಟಿಂಗ್ ನಕಲು ಮಾಡುವವರು ಇದನ್ನು ಗಮನಿಸಬೇಕು. ಎರಡನೆಯದು, ಸ್ಪಷ್ಟವಾಗಿ ಕಾಣುವ ಪದರ ತೀರ ತೆಳುವಾಗುತ್ತದೆ. ಫುಲ್‌ಫ್ರೇಮಿನಲ್ಲಿ 1:1 ಪ್ರಮಾಣ, ಎಫ್/8 ಇದ್ದರೆ ಆ ಪದರದ ದಪ್ಪ ಸುಮಾರು ಒಂದು ಮಿಲಿಮೀಟರ್ ಮಾತ್ರ. ಹಾಗೆಂದು ಅಪರ್ಚರನ್ನು ಎಫ್/22ಕ್ಕೆ ಇಳಿಸಿದರೆ ಕಿರಿದಾದ ರಂಧ್ರದಲ್ಲಿ ಹಾದುಬರುವ ಬೆಳಕು ಹರಡಿಕೊಂಡು ಇಡೀ ಚಿತ್ರವೇ ಮಂಕಾಗುತ್ತದೆ. ಎಫ್/8ರಿಂದ ಎಫ್/11ರ ನಡುವೆ ನಿಂತು, ಇರುವ ಆ ಒಂದು ಮಿಲಿಮೀಟರನ್ನು ಎಲ್ಲಿ ಖರ್ಚು ಮಾಡಬೇಕೆಂದು ತೀರ್ಮಾನಿಸುವುದರಲ್ಲೇ ಮ್ಯಾಕ್ರೋ ಛಾಯಾಗ್ರಹಣದ ಹೆಚ್ಚಿನ ಕೌಶಲ ಅಡಗಿದೆ ಎಂಬುದು ನನ್ನ ಅಭಿಪ್ರಾಯ. ರೆಕ್ಕೆ ಮುಚ್ಚಿ ಕುಳಿತ ಚಿಟ್ಟೆಯಾದರೆ ಕ್ಯಾಮೆರಾದ ಹಿಂಬದಿಯನ್ನು ರೆಕ್ಕೆಗೆ ಸಮಾನಾಂತರವಾಗಿ ಹಿಡಿಯಬೇಕು, ಆಗ ಆ ತೆಳು ಪದರದೊಳಗೆ ಪೂರ್ತಿ ರೆಕ್ಕೆ ಬರುತ್ತದೆ. ಚಗಳಿ ಇರುವೆ ಅಥವಾ ಜೇಡವನ್ನು ಎದುರಿನಿಂದ ತೆಗೆಯುವಾಗ ಕಣ್ಣು ಸ್ಪಷ್ಟವಾಗಿದ್ದರೆ ಸಾಕು. ಕಾಲುಗಳು ಮಸುಕಾದರೆ ನೋಡುವವರು ಕ್ಷಮಿಸುತ್ತಾರೆ, ಕಣ್ಣು ಮಸುಕಾದರೆ ಕ್ಷಮಿಸುವುದಿಲ್ಲ.

ಇಷ್ಟು ಹತ್ತಿರದಲ್ಲಿ ಆಟೋಫೋಕಸ್ ಹಿಂದೆಮುಂದೆ ಅಲೆಯುತ್ತ ಸಮಯ ಕಳೆಯುತ್ತದೆ. ಮ್ಯಾನ್ಯುವಲ್ ಫೋಕಸಿಗೆ ಬದಲಿಸಿ, ಬೇಕಾದ ಪ್ರಮಾಣಕ್ಕೆ ರಿಂಗನ್ನು ತಿರುಗಿಸಿ, ಅದನ್ನು ಅಲ್ಲಿಗೇ ಬಿಡಿ. ಆಮೇಲೆ ಮೊಣಕೈಗಳನ್ನು ಪಕ್ಕೆಗೆ ಒತ್ತಿ ಅಥವಾ ನೆಲಕ್ಕೆ ಊರಿ, ಮೈಯನ್ನೇ ತುಸು ಮುಂದಕ್ಕೆ ಬಾಗಿಸುತ್ತ ಹೋಗಿ, ಕಣ್ಣು ಸ್ಪಷ್ಟವಾದ ಗಳಿಗೆಯಲ್ಲಿ ಮೂರುನಾಲ್ಕು ಚಿತ್ರಗಳನ್ನು ಸಾಲಾಗಿ ಕ್ಲಿಕ್ಕಿಸಬೇಕು. ಲೆನ್ಸಿನೊಳಗಿನ ಕಂಪನ ನಿವಾರಣೆಯನ್ನು ಇಲ್ಲಿ ಹೆಚ್ಚು ನೆಚ್ಚುವಂತಿಲ್ಲ. ಅದಕ್ಕಾಗಿಯೇ ವಿಶೇಷ ವ್ಯವಸ್ಥೆಯುಳ್ಳ ಕ್ಯಾನನ್ ಇಎಫ್ 100 ಮಿ.ಮೀ. ಎಲ್ ಲೆನ್ಸಿನಲ್ಲೂ ಸಾಮಾನ್ಯ ದೂರದಲ್ಲಿ ನಾಲ್ಕು ಸ್ಟಾಪ್ ಇರುವ ನೆರವು 1:1ರಲ್ಲಿ ಎರಡು ಸ್ಟಾಪಿಗೆ ಇಳಿಯುತ್ತದೆಂದು ತಯಾರಕರೇ ಹೇಳುತ್ತಾರೆ. ಟ್ರೈಪಾಡ್ ಗಾಳಿಯಿಲ್ಲದ ದಿನದ ಹೂವು, ಅಣಬೆಗಳಿಗೆ ಸರಿ. ಅಂಥ ನಿಶ್ಚಲ ವಸ್ತುಗಳಾದರೆ ಫೋಕಸನ್ನು ಸ್ವಲ್ಪಸ್ವಲ್ಪವೇ ಸರಿಸಿ ಹಲವು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸುವ ಸ್ಟ್ಯಾಕಿಂಗ್ ವಿಧಾನವೂ ಉಂಟು.

ಕೈಯಲ್ಲಿ ಹಿಡಿದೇ ತೆಗೆಯುವವರಿಗೆ ಫ್ಲ್ಯಾಷ್ ಅನಿವಾರ್ಯವೆನ್ನಬಹುದು. ಶಟರ್ 1/200 ಸೆಕೆಂಡ್, ಎಫ್/11, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 200 ಇಟ್ಟುಕೊಂಡು, ಫ್ಲ್ಯಾಷಿನ ಮುಂದೆ ಬೆಳಕನ್ನು ಹರಡುವ ಬಿಳಿಯ ಡಿಫ್ಯೂಸರನ್ನು ವಸ್ತುವಿಗೆ ಸಾಧ್ಯವಾದಷ್ಟು ಹತ್ತಿರ ಬರುವಂತೆ ಕಟ್ಟಬೇಕು; ಬೆಳಕಿನ ಮೂಲ ಹತ್ತಿರವಾದಷ್ಟೂ ಜೀರುಂಡೆಯ ಹೊಳೆಯುವ ಬೆನ್ನಿನ ಮೇಲಿನ ಬಿಳಿ ಚುಕ್ಕೆಗಳು ಮೆದುವಾಗುತ್ತವೆ. ಈ ಸೆಟ್ಟಿಂಗಿನಲ್ಲಿ, ನೆರಳಿರುವ ಕಡೆ ದೂರದ ಹಿನ್ನೆಲೆ ಬಹುಮಟ್ಟಿಗೆ ಕಪ್ಪಾಗುತ್ತದೆ. ಅದು ಬೇಡವಾದರೆ ಹುಳದ ಹಿಂದೆ ಒಂದು ಹಸಿರೆಲೆ ಇರುವಂಥ ಕೋನವನ್ನು ಹುಡುಕಿಕೊಳ್ಳಿ. ಬೆಳಗಿನ ತಂಪಿನಲ್ಲಿ ಕೀಟಗಳು ಜಡವಾಗಿರುವುದರಿಂದ ಕೆಲಸ ಸುಲಭ. ಅವನ್ನು ಜಡಗೊಳಿಸಲು ಫ್ರಿಜ್ಜಿನಲ್ಲಿಡುವ ಅಭ್ಯಾಸವನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಲಾಗದು. ಮಲೆನಾಡಿನ ಮಳೆಗಾಲದಲ್ಲಿ ಕಪ್ಪೆಗಳನ್ನು ಹುಡುಕಿ ಹೋಗುವವರು ಅವನ್ನು ಕೈಯಿಂದ ಮುಟ್ಟಬಾರದು: ಕಪ್ಪೆ ಚರ್ಮದ ಮೂಲಕವೂ ಉಸಿರಾಡುತ್ತದೆ, ನಮ್ಮ ಕೈಗೆ ಸವರಿದ ಸೊಳ್ಳೆ ಮುಲಾಮು ಅದಕ್ಕೆ ವಿಷವಾಗಬಹುದು.

ಮುಖದ ಕೆಲಸ

ಭಾವಚಿತ್ರಕ್ಕೆ ತೊಡಗುವ ಮುನ್ನ ಲೆನ್ಸಿನ ಪಕ್ಕದಲ್ಲಿರುವ ಫೋಕಸ್ ಮಿತಿಯ ಸ್ವಿಚ್ಚನ್ನು ಅರ್ಧ ಮೀಟರಿನಿಂದ ಆಚೆಗಿನ ವ್ಯಾಪ್ತಿಗೆ ಬದಲಿಸಬೇಕು. ಇಲ್ಲವಾದರೆ ಫೋಕಸ್ ತಪ್ಪಿದಾಗಲೆಲ್ಲ ಲೆನ್ಸ್ ಹತ್ತಿರದ ತುದಿಯವರೆಗೂ ಹೋಗಿ ಮರಳಿ ಬರುತ್ತದೆ, ಅಷ್ಟರಲ್ಲಿ ಮುಖದ ಮೇಲಿನ ನಗು ಮಾಯವಾಗಿರುತ್ತದೆ. ಹತ್ತಿರ ಹೋಗಬಲ್ಲ ಲೆನ್ಸ್ ಎಂದು ಇಡೀ ಮುಖವನ್ನು ಬಹಳ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ಇದು ನಿಂತ ದೂರದಿಂದ ಬರುವ ದೋಷ, ಲೆನ್ಸ್ ಬದಲಿಸಿದರೆ ಹೋಗುವುದಿಲ್ಲ. 100 ಮಿ.ಮೀ. ಲೆನ್ಸಿನಲ್ಲಿ ಎರಡು ಮೀಟರ್ ದೂರ ನಿಂತರೆ ತಲೆ ಮತ್ತು ಭುಜ ಚೌಕಟ್ಟಿನಲ್ಲಿ ಹಿತವಾಗಿ ಕೂರುತ್ತವೆ. ಅಲ್ಲಿ ಎಫ್/2.8ರಲ್ಲಿ ಸುಮಾರು ಆರು ಸೆಂಟಿಮೀಟರ್ ಆಳ ಸ್ಪಷ್ಟವಾಗಿರುವುದರಿಂದ, ನೇರ ಮುಖಕ್ಕೆ ಎಫ್/2.8 ಸಾಕು, ಓರೆ ಮುಖಕ್ಕೆ ಎಫ್/4 ಸುರಕ್ಷಿತ. 85 ಮಿ.ಮೀ. ಎಫ್/1.4 ಲೆನ್ಸಿನಷ್ಟು ಹಿನ್ನೆಲೆ ಇಲ್ಲಿ ಕರಗುವುದಿಲ್ಲ ಎಂಬ ದೂರು ನಿಜ. ವ್ಯಕ್ತಿಯನ್ನು ಗೋಡೆಯಿಂದ ನಾಲ್ಕಾರು ಹೆಜ್ಜೆ ಮುಂದಕ್ಕೆ ಕರೆತಂದರೆ ಆ ದೂರು ಬಹುಪಾಲು ತೀರುತ್ತದೆ.

ಮ್ಯಾಕ್ರೋ ಲೆನ್ಸಿನ ತೀಕ್ಷ್ಣತೆ ಚರ್ಮದ ಪ್ರತಿಯೊಂದು ರಂಧ್ರವನ್ನೂ ತೋರಿಸುತ್ತದೆ ಎಂಬ ಅಂಜಿಕೆಗೆ ಉತ್ತರವಿರುವುದು ಬೆಳಕಿನಲ್ಲಿ. ಉಬ್ಬುತಗ್ಗುಗಳು ಎದ್ದು ಕಾಣುವುದು ಪಕ್ಕದಿಂದ ಬೀಳುವ ಗಡುಸಾದ ಬೆಳಕಿನಿಂದ. ಬಿಸಿಲು ನೇರವಾಗಿ ಬೀಳದ ದೊಡ್ಡ ಕಿಟಕಿ ಅಥವಾ ಜಗಲಿಯ ನೆರಳಿನಲ್ಲಿ ಬೆಳಕಿಗೆ ಮುಖ ಮಾಡಿ ಕೂರಿಸಿದರೆ ಚರ್ಮ ನಯವಾಗಿಯೂ ರೆಪ್ಪೆ, ಹುಬ್ಬುಗಳು ಚುರುಕಾಗಿಯೂ ಬರುತ್ತವೆ.

ಈ ತೀಕ್ಷ್ಣತೆಯೇ ವರವಾಗುವ ಸಂದರ್ಭಗಳೂ ಇವೆ. ಮದುವೆಯ ಮೆಹಂದಿ, ಅಜ್ಜಿಯ ಕೈಯ ಸುಕ್ಕು, ಹಸುಗೂಸಿನ ಬೆರಳು ಎಲ್ಲರಿಗೂ ಹೊಳೆಯುವಂಥವು. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮಿಗಿಲಾದ ಜಾಗ ಯಕ್ಷಗಾನದ ಚೌಕಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗ. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಬಣ್ಣದ ವೇಷಧಾರಿ, ಅಂದರೆ ರಾಕ್ಷಸ ಪಾತ್ರಧಾರಿ, ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣದಿಂದ ಮುಖದ ಮೇಲೆ ಒಂದೊಂದಾಗಿ ಚುಟ್ಟಿ ಇಡುತ್ತ ಹೋಗುವಾಗ, ಆ ಮುಳ್ಳುಗಳಂಥ ಸಾಲನ್ನು ಸಾಮಾನ್ಯ ಲೆನ್ಸ್ ಬರಿಯ ಬಿಳಿ ಗೆರೆಯಾಗಿ ತೋರಿಸಿದರೆ ಮ್ಯಾಕ್ರೋ ಪ್ರತಿಯೊಂದು ಮೊನೆಯನ್ನೂ ಬಿಡಿಸಿ ತೋರಿಸುತ್ತದೆ. ಮೇಳದವರ ಮತ್ತು ಕಲಾವಿದರ ಒಪ್ಪಿಗೆ ಪಡೆದು, ಅವರ ಕನ್ನಡಿಗೆ ಅಡ್ಡವಾಗದಂತೆ ಪಕ್ಕದಲ್ಲಿ ಕೂತು, ಸುಮಾರು ಅರ್ಧ ಮೀಟರ್ ದೂರದಿಂದ ಕಣ್ಣು ಮತ್ತು ಕೆನ್ನೆಯನ್ನಷ್ಟೇ ತುಂಬಿಕೊಳ್ಳಿ. ಇಡೀ ಮುಖ ಚೌಕಟ್ಟಿನಲ್ಲಿ ಇರದ ಕಾರಣ ಮೊದಲು ಹೇಳಿದ ಮೂಗಿನ ದೋಷ ಇಲ್ಲಿ ಕಾಣದು. ಈ ದೂರದಲ್ಲಿ ಎಫ್/8 ಇಟ್ಟರೆ ಸುಮಾರು ಒಂದು ಸೆಂಟಿಮೀಟರ್ ಆಳ ಸಿಗುತ್ತದೆ. ಫ್ಲ್ಯಾಷ್ ಬೇಡ, ಅದು ಕಲಾವಿದರ ಕಣ್ಣು ಕೋರೈಸುತ್ತದೆ. ಐಎಸ್‌ಒ ಏರಿಸಿ ಚೌಕಿಯ ದೀಪಗಳಲ್ಲೇ ತೆಗೆಯುವಾಗ ಶಟರನ್ನು 1/100 ಸೆಕೆಂಡಿಗೆ ಇಡಬೇಕು. ನಮ್ಮ ವಿದ್ಯುತ್ತು 50 ಹರ್ಟ್ಜ್ ಆದ್ದರಿಂದ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ, ಶಟರ್ ಅದಕ್ಕಿಂತ ವೇಗವಾದರೆ ಕೆಲವು ಚಿತ್ರಗಳಲ್ಲಿ ಕಪ್ಪು ಪಟ್ಟೆಗಳು ಮೂಡಬಹುದು. ಇಲ್ಲಿನ ಚಿತ್ರಗಳಿಗೆ ಕಂಪ್ಯೂಟರಿನಲ್ಲಿ ಶಾರ್ಪ್‌ನೆಸ್ ಏರಿಸುವ ಅಗತ್ಯ ಬೀಳುವುದಿಲ್ಲ, ಸಾಧಾರಣ ಮುಖಚಿತ್ರಗಳಲ್ಲಾದರೆ ಚಿತ್ರ ತಿದ್ದುವ ಸಾಫ್ಟ್‌ವೇರಿನ ಕ್ಲಾರಿಟಿಯನ್ನು ಐದೋ ಹತ್ತೋ ಅಂಕ ಇಳಿಸಿದರೂ ನಷ್ಟವಿಲ್ಲ.