ನಾಲ್ಕನೇ ಸಾಲಿನ ಚುಕ್ಕಿಗಳು

ಗಂಗಾವತಿಯ ರೈಸ್ ಮಿಲ್ಲಿನಿಂದ ಫೋನ್ ಬಂದಾಗ ನಾನು ಕೊಪ್ಪಳದಲ್ಲಿ ಏಣಿ ಹತ್ತಿ ಕ್ಯಾಮೆರಾ ಕೂರಿಸುತ್ತಿದ್ದೆ. ದಿನಾ ಸಂಜೆ ನಾಲ್ಕಾದರೆ ಬಿಲ್ಲಿಂಗ್ ತೆವಳುತ್ತದೆ, ವೇಬ್ರಿಜ್ ಚೀಟಿ ಬರುವುದಿಲ್ಲ, ಗೇಟಿನಾಚೆ ಭತ್ತದ ಲಾರಿಗಳು ಸಾಲುಗಟ್ಟಿ ನಿಂತು ಡ್ರೈವರುಗಳು ಬೈಯುತ್ತಾರೆ ಅಂತ ಮಾಲೀಕರ ಮಗ ಒಂದೇ ಉಸಿರಿನಲ್ಲಿ ಹೇಳಿದ. ಬೆಳಿಗ್ಗೆ ಎಲ್ಲಾ ಸರಿ ಇರುತ್ತದಂತೆ.

ಮರುದಿನ ಹೋದೆ. ಅಷ್ಟರಲ್ಲಿ ಸಾಫ್ಟ್‌ವೇರ್ ಕಂಪನಿಯ ನೆಟ್‌ವರ್ಕ್ ಎಕ್ಸ್‌ಪರ್ಟ್ ಒಬ್ಬರು ಬೆಂಗಳೂರಿನಿಂದ ವಿಡಿಯೋ ಕಾಲ್‌ನಲ್ಲಿ ತೀರ್ಪು ಕೊಟ್ಟಾಗಿತ್ತು. ಅವರ ಕೈಯಲ್ಲಿ ಬೆಳಿಗ್ಗೆ 11ಕ್ಕೆ ತೆಗೆದ ಟ್ರೇಸ್‌ರೂಟ್ ಸ್ಕ್ರೀನ್‌ಶಾಟ್ ಇತ್ತು. ಟ್ರೇಸ್‌ರೂಟ್ ಅಂದರೆ ನಮ್ಮಿಂದ ಸರ್ವರ್‌ವರೆಗಿನ ದಾರಿಯಲ್ಲಿ ಸಿಗುವ ಒಂದೊಂದು ರೂಟರನ್ನೂ (ಹಾಪ್) ಒಂದೊಂದು ಸಾಲಿನಲ್ಲಿ, ಉತ್ತರ ಬರಲು ಹಿಡಿದ ಮಿಲಿಸೆಕೆಂಡ್ ಸಮೇತ ತೋರಿಸುವ ಪಟ್ಟಿ; ಉತ್ತರ ಬಾರದಿದ್ದರೆ ಚುಕ್ಕಿ. ಒಂದನೇ ಸಾಲು ಮಿಲ್ಲಿನದೇ ರೂಟರ್, 192.168.1.1, 1 ಮಿಲಿಸೆಕೆಂಡ್. ನಾಲ್ಕನೇ ಸಾಲಿನಲ್ಲಿ ಬರೀ ಮೂರು ಚುಕ್ಕಿ. ಐದರಲ್ಲಿ 180. ಆರನೇ ಸಾಲಿನ ರೂಟರ್ ಹೆಸರಿನಲ್ಲಿ 'sin' (ಸಿನ್) ಅಂತ ಸಿಂಗಾಪುರ ಸೂಚಿಸುವ ಇಂಗ್ಲಿಷಿನ ಮೂರಕ್ಷರ, ಎದುರಿಗೆ 14. ಕೊನೆಗೆ ಬಿಲ್ಲಿಂಗ್ ನಡೆಸುವ ಮುಂಬೈ ಸರ್ವರ್, 24.

'ನಾಲ್ಕನೇ ಹಾಪ್ ಡೌನ್ ಇದೆ, ಐದನೆಯದು ಲೋಡ್ ಆಗಿದೆ, ನಿಮ್ಮ ಟ್ರಾಫಿಕ್ ಸಿಂಗಾಪುರ ಸುತ್ತಿ ಬರುತ್ತಿದೆ, ಇಂಟರ್ನೆಟ್ ಪ್ರೊವೈಡರ್ ಬದಲಾಯಿಸಿ' ಅಂದರು. ಮಗನಿಗೆ ಇನ್ನೊಂದು ಭಯ. ಮೂರನೇ ಸಾಲಿನಲ್ಲಿ 100.72ರಿಂದ ಶುರುವಾಗುವ ವಿಳಾಸ ಇತ್ತು, ಅದು ಯಾರದ್ದು, ನಡುವೆ ಯಾವನಾದರೂ ಹ್ಯಾಕರ್ ಕೂತಿದ್ದಾನಾ ಅಂತ. ಇಲ್ಲಪ್ಪಾ, ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಗಿರಾಕಿಗಳಿಗೆ ಹಂಚುವಾಗ ಪ್ರೊವೈಡರ್‌ಗಳು ಒಳಗೆ ಬಳಸಲಿ ಅಂತ 2012ರಲ್ಲಿ ತೆಗೆದಿಟ್ಟ ಗುಂಪು ಅದು ಅಂದೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. ಐದನೇ ಸಾಲಿನಲ್ಲಿ ನಿಜವಾಗಿಯೂ 180 ಮಿಲಿಸೆಕೆಂಡ್ ತಡ ಆಗುತ್ತಿದ್ದರೆ, ಅದನ್ನು ದಾಟಿ ಮುಂದೆ ಹೋದ ಪ್ಯಾಕೆಟ್ಟಿಗೆ, ಅಂದರೆ ಡೇಟಾ ತುಣುಕಿಗೆ, ಉತ್ತರ 24ರಲ್ಲಿ ಹೇಗೆ ಬಂತು?

ಅವರು 'ನೀವು ಯಾವ ಸರ್ಟಿಫಿಕೇಷನ್ ಮಾಡಿದ್ದೀರಿ?' ಅಂದರು. ಐಟಿಐ ಮುಗಿಸಿ ಕೇಬಲ್ ಎಳೆಯುತ್ತಾ ಬಂದವನು ನಾನು. ಹಾಗೇ ಹೇಳಿದೆ. ಆ ಕಡೆ ಸಣ್ಣಗೆ ನಕ್ಕ ಸದ್ದು ಕೇಳಿಸಿತು.

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಏಳೆಂಟು ವರ್ಷದ ಹಿಂದೆ ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ನಾನೂ ಇದೇ ಮಾತಾಡಿದ್ದೆ. ಚುಕ್ಕಿ ಕಂಡ ಸಾಲಿಗೆ ಕೆಂಪು ಗೆರೆ ಎಳೆದು ಪ್ರೊವೈಡರ್‌ಗೆ ದೂರಿನ ಮೇಲೆ ದೂರು ಕೊಟ್ಟಿದ್ದೆ. ಕೊನೆಗೆ ಪ್ರೊವೈಡರ್ ಕಡೆಯ ರಾತ್ರಿ ಪಾಳಿಯ ಒಬ್ಬ ಹುಡುಗಿ ಬೇಸತ್ತು, 'ಸಾರ್, ಮೊದಲು ಕೊನೆಯ ಸಾಲು ನೋಡಿ, ಆಮೇಲೆ ಮೇಲಕ್ಕೆ ಬನ್ನಿ' ಅಂದಳು. ಟ್ರೇಸ್‌ರೂಟ್ ಓದೋಕೆ ಕಲಿತದ್ದು ಅವತ್ತು.

ಮಗನಿಗೆ ಮಿಲ್ಲಿನ ಗೇಟ್ ತೋರಿಸಿದೆ. ವಾಚ್‌ಮನ್ ಕೈಬೀಸಿ ಲಾರಿ ಒಳಗೆ ಬಿಡುತ್ತಲೇ ಇದ್ದ. ಅದು ಅವನ ಕೆಲಸ. ಈಗ ನೀನು ಹೋಗಿ 'ಈ ಲಾರಿ ಎಷ್ಟೊತ್ತಿಗೆ ಬಂತು?' ಅಂದರೆ ಪುರುಸೊತ್ತಿದ್ದಾಗ ಹೇಳ್ತಾನೆ, ಇಲ್ಲಾಂದ್ರೆ ತಿರುಗಿಯೂ ನೋಡಲ್ಲ. ರೂಟರ್ ಕತೆಯೂ ಅಷ್ಟೇ. ಪ್ರತಿ ಪ್ಯಾಕೆಟ್ಟಿನಲ್ಲೂ ಟಿಟಿಎಲ್ ಅನ್ನೋ ಲೆಕ್ಕ ಇರುತ್ತದೆ, ಪ್ರತಿ ರೂಟರ್ ಒಂದೊಂದು ಕಳೆಯುತ್ತದೆ, ಸೊನ್ನೆ ಆದರೆ ಪ್ಯಾಕೆಟ್ ಬಿಸಾಕಿ ಕಳಿಸಿದವನಿಗೆ 'ಅವಧಿ ಮುಗೀತು' ಅಂತ ಚೀಟಿ ಬರೆಯುತ್ತದೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ನೆಟ್‌ವರ್ಕ್ ವಿಜ್ಞಾನಿ ವ್ಯಾನ್ ಜೇಕಬ್ಸನ್ ಈ ಚೀಟಿಗಳನ್ನೇ ಬೇಕೆಂದು ಬರೆಸಿಕೊಂಡು ದಾರಿ ಪತ್ತೆ ಮಾಡುವ ಟ್ರೇಸ್‌ರೂಟ್ ಬರೆದರು. ಚೀಟಿ ಬರೆಯೋದು ರೂಟರ್‌ಗೆ ಉಪಕಸುಬು. ತಡವಾಗಿ ಬರೆಯಬಹುದು, ಬರೆಯದೇ ಇರಬಹುದು. ಆ ಚೀಟಿ ವಾಪಸ್ ಬರೋ ದಾರಿಯೂ ಹೋದ ದಾರಿಯೇ ಆಗಿರಬೇಕಿಲ್ಲ.

ಇನ್ನು ಸಿಂಗಾಪುರ. ಗಾಜಿನ ಎಳೆಯಲ್ಲಿ ಬೆಳಕು 100 ಕಿಲೋಮೀಟರ್ ಹೋಗಿ ಬರೋಕೆ ಸುಮಾರು 1 ಮಿಲಿಸೆಕೆಂಡ್ ಬೇಕು. ಚೆನ್ನೈನಿಂದ ಸಿಂಗಾಪುರಕ್ಕೇ ನೇರ ಗೆರೆಯಲ್ಲಿ ಸುಮಾರು 2,900 ಕಿಲೋಮೀಟರ್. ಅಂದರೆ 29ಕ್ಕಿಂತ ಕಮ್ಮಿ ಬರೋಕೆ ಸಾಧ್ಯವೇ ಇಲ್ಲ. ಇಲ್ಲಿ 14 ಇದೆ. ಹೆಸರು ಬರೆದವನು ಮನುಷ್ಯ, ಹಳೆಯದನ್ನು ಅಳಿಸೋಕೆ ಮರೆತಿರುತ್ತಾನೆ. ಬೆಳಕು ಮರೆಯಲ್ಲ, ಅಲ್ವಾ?

ಇಷ್ಟೆಲ್ಲಾ ಹೇಳಿದರೂ ತೊಂದರೆ ಎಲ್ಲಿದೆ ಅಂತ ನನಗೂ ಗೊತ್ತಿರಲಿಲ್ಲ. ಬೆಳಗಿನ ಸ್ಕ್ರೀನ್‌ಶಾಟ್‌ನಲ್ಲಿ ಸಂಜೆಯ ರೋಗ ಹುಡುಕೋದು ಹೇಗೆ? ಚಹಾ ಕುಡಿದು ನಾಲ್ಕರವರೆಗೆ ಕಾದೆ. ಆ ಹೊತ್ತಿಗೆ ಕ್ಯಾಮೆರಾ ರೆಕಾರ್ಡಿಂಗ್ ಕ್ಲೌಡ್‌ಗೆ ಏರಲು ಶುರುವಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಎಂಟಿಆರ್ ಓಡಿಸಿದೆ, ಟ್ರೇಸ್‌ರೂಟನ್ನೇ ಮತ್ತೆ ಮತ್ತೆ ಮಾಡಿ ಯಾವ ಸಾಲಿನಲ್ಲಿ ಎಷ್ಟು ಪ್ಯಾಕೆಟ್ ಕಳೆದುಹೋಯಿತು ಅಂತ ಲೆಕ್ಕ ಕೊಡುವ ಪ್ರೋಗ್ರಾಂ ಅದು. ಒಂದನೇ ಸಾಲು ಶುದ್ಧ. ಚುಕ್ಕಿಯ ನಾಲ್ಕನೆಯದನ್ನು ಬಿಟ್ಟರೆ, ಎರಡನೆಯದರಿಂದ ಹಿಡಿದು ಕೊನೆಯ ಮುಂಬೈವರೆಗೂ ಹತ್ತಕ್ಕೆ ಒಂದರಂತೆ ಪ್ಯಾಕೆಟ್ ಬೀಳುತ್ತಿತ್ತು. ನಡುವೆ ಎಲ್ಲೋ ಶುರುವಾಗಿ ಅಲ್ಲೇ ಮುಗಿಯುವ ಲಾಸ್ (ಪ್ಯಾಕೆಟ್ ನಷ್ಟ) ಬೇರೆ, ಅದು ಚೀಟಿ ಬರೆಯದ ರೂಟರ್ ಅಷ್ಟೇ; ಕೊನೆವರೆಗೂ ಬರುವ ಲಾಸ್ ಬೇರೆ, ಅದೇ ನಿಜವಾದ ತೊಂದರೆ.

ಒಂದು ಮತ್ತು ಎರಡರ ನಡುವೆ ಏನಿದೆ? ಗೋಡೆ ಮೇಲೆ, ತೌಡಿನ ಧೂಳು ಮೆತ್ತಿಕೊಂಡ ಮೀಡಿಯಾ ಕನ್ವರ್ಟರ್, ಅಂದರೆ ಹೊರಗಿನ ಫೈಬರನ್ನು ಒಳಗಿನ ತಾಮ್ರದ ಕೇಬಲ್ಲಿಗೆ ಜೋಡಿಸುವ ಡಬ್ಬಿ. ಹಳೆಯದು ಸುಟ್ಟ ಮೇಲೆ ಯಾರೋ ಹೊಸದು ಹಾಕಿದ್ದರು. ರೂಟರ್ ಒಳಗೆ ನೋಡಿದರೆ, ಹೊರಗಿನ ಲೈನ್ ಸೇರುವ ವ್ಯಾನ್ (WAN) ಪೋರ್ಟ್ '100 ಹಾಫ್', ಅಂದರೆ ವೇಗ 100 ಎಂಬಿಪಿಎಸ್, ಒಂದು ಸಲಕ್ಕೆ ಒಂದೇ ಕಡೆಯವರು ಮಾತಾಡುವ ಹಾಫ್ ಡುಪ್ಲೆಕ್ಸ್. ಲೇಟ್ ಕೊಲಿಷನ್ (ತಡವಾಗಿ ಆಗುವ ಡಿಕ್ಕಿ) ಲೆಕ್ಕ ನನ್ನ ಕಣ್ಣೆದುರೇ ಏರುತ್ತಿತ್ತು. ಧೂಳು ಒರೆಸಿದೆ. ಕನ್ವರ್ಟರ್ ಬದಿಯ ಪುಟ್ಟ ಸ್ವಿಚ್ಚನ್ನು, ಇಬ್ಬರೂ ಒಟ್ಟಿಗೆ ಮಾತಾಡಬಹುದಾದ ಫುಲ್ ಡುಪ್ಲೆಕ್ಸ್‌ಗೆ ಕಟ್ಟಿಹಾಕಿದ್ದರು. ಒಂದು ಕಡೆ ಕಟ್ಟಿಹಾಕಿ ಇನ್ನೊಂದು ಕಡೆ ಆಟೋ (ಎದುರಿನವನನ್ನು ಕೇಳಿ ತಾನೇ ಹೊಂದಿಕೊಳ್ಳುವ ಸೆಟ್ಟಿಂಗ್) ಬಿಟ್ಟರೆ, ಆಟೋ ಕಡೆಯವನಿಗೆ ವೇಗ ಗೊತ್ತಾಗುತ್ತದೆ, ಡುಪ್ಲೆಕ್ಸ್ ಗೊತ್ತಾಗಲ್ಲ, ಹಾಫ್‌ಗೆ ಇಳಿಯುತ್ತಾನೆ. ಟ್ರಾಫಿಕ್ ಕಮ್ಮಿ ಇದ್ದಾಗ ಏನೂ ಕಾಣಿಸಲ್ಲ. ಜಾಸ್ತಿ ಆದಾಗ ಎರಡೂ ಕಡೆಯವರು ಒಟ್ಟಿಗೆ ಮಾತಾಡಿ ಡಿಕ್ಕಿ. ಪೆನ್ನಿನ ತುದಿಯಿಂದ ಸ್ವಿಚ್ ಆಟೋಗೆ ತಳ್ಳಿ, ಕನ್ವರ್ಟರ್ ಆಫ್ ಮಾಡಿ ಆನ್ ಮಾಡಿದೆ. ಲಾಸ್ ಸೊನ್ನೆ.

ಎಕ್ಸ್‌ಪರ್ಟ್‌ಗೆ ಫೋಟೋ ಕಳಿಸಿದೆ. 'ಓಕೆ, ಬಟ್ ಹಾಪ್ ಫೈವ್ ಈಸ್ ಸ್ಟಿಲ್ ಹೈ' ಅಂತ ಉತ್ತರ. ಅವರ ಸರ್ಟಿಫಿಕೇಟನ್ನು ನಾನು ಹೀಗಳೆಯಲ್ಲ, ಆ ಪರೀಕ್ಷೆಯ ಪುಸ್ತಕದಲ್ಲಿ ಡುಪ್ಲೆಕ್ಸ್ ಪಾಠ ಇದ್ದೇ ಇರುತ್ತದೆ. ಓದಿದ್ದಾರೆ, ಆದರೆ ಗೋಡೆ ಹತ್ತಿರ ನಿಂತು ನೋಡಿಲ್ಲ. ನಾನು ನೋಡಿದ್ದೆ, ಅದೂ ಒಬ್ಬ ಹುಡುಗಿ ಬೈದ ಮೇಲೆ.

ಎರಡು ದಿನ ಬಿಟ್ಟು ಮಗ ಹೊಸ ಸ್ಕ್ರೀನ್‌ಶಾಟ್ ಕಳಿಸಿದ. 'ಅಣ್ಣಾ, ಚೀಟಿ ಫಟಾಫಟ್ ಬರ್ತಾವೆ. ಆದ್ರೆ ನಾಲ್ಕನೇ ಸಾಲಿನ ಚುಕ್ಕಿ ಹಂಗೇ ಐತಲ್ಲ?'

'ಇರಲಿ ಬಿಡು' ಅಂತ ಬರೆದು ಬಿಲ್ ಕಳಿಸಿದೆ.