ಭಾರದ ಗುಂಡು ಮೇಲಕ್ಕೇ ಹೋಗುತ್ತದೆ, ಸ್ವಾಮಿ!

ಎರಡು ವರ್ಷ ನನ್ನ .32 ರಿವಾಲ್ವರ್ ಒಂದೇ ಹಟ ಹಿಡಿದಿತ್ತು. 15 ಮೀಟರ್‌ನಲ್ಲಿ ಎಲ್ಲಿ ಗುರಿ ಇಟ್ಟರೂ ಗುಂಡು ಅದಕ್ಕಿಂತ ಅರ್ಧ ಗೇಣು ಮೇಲೆ. ಅರ್ಧ ಕೆ.ಜಿ. ಆಸುಪಾಸಿನ ಹಗುರ ಗನ್, 3 ಇಂಚಿನ ಬ್ಯಾರೆಲ್, ತಿರುಗಿಸಿ ಸರಿಮಾಡಲಾಗದ ಸೈಟ್ (ಗುರಿ ನೋಡಲು ನಳಿಗೆಯ ಮೇಲಿರುವ ಗುರುತು). ಹಾಕುತ್ತಿದ್ದುದು ಮಾಮೂಲಿ 98 ಗ್ರೇನಿನ, ಅಂದರೆ ಆರು ಗ್ರಾಂ ಚಿಲ್ಲರೆ ತೂಕದ, ಸೀಸದ ಗುಂಡು.

ಗುರಿ ಅಭ್ಯಾಸದ ರೇಂಜಿನಲ್ಲಿ ಎಲ್ಲರದೂ ಒಂದೇ ಮಾತು: "ಟ್ರಿಗರ್ ಎಳೆಯುವಾಗ ಕೈ ಎತ್ತುತ್ತೀರಿ." ಕೈ ಎತ್ತಿದರೆ ಹನ್ನೆರಡು ರೌಂಡೂ ಅಂಗೈ ಅಗಲದಲ್ಲಿ ಬೀಳುತ್ತವೆಯೇ? ನನ್ನವು ಬೀಳುತ್ತಿದ್ದವು. ಹೇಳಿಕೊಳ್ಳಬಾರದು, ಆದರೂ ಹೇಳಿದೆ.

ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಒಬ್ಬ ರಿಪೇರಿಯವರು ಮುಂದಿನ ಸೈಟನ್ನು ಒಂದು ಎಳೆ ಅರ ಹೊಡೆಯೋಣ ಅಂದರು, ನಾನೂ ತಲೆಯಾಡಿಸಿದೆ. ಗುಂಡು ಇನ್ನೂ ಮೇಲೆ ಹೋಯಿತು! ಮುಂದಿನ ಸೈಟ್ ಗಿಡ್ಡವಾದರೆ ನಳಿಗೆ ಬಾಯಿ ಎತ್ತಬೇಕಾಗುತ್ತದೆ ಅನ್ನುವುದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ. ಮತ್ತೆ ಎತ್ತರ ಮಾಡಿಸಲು ಆರೇಳು ಸಾವಿರ. ದಪ್ಪ ರಬ್ಬರ್ ಹಿಡಿಗೆ ಎರಡೂವರೆ. ಅದರಿಂದ ಒಂದು ಬೆರಳು ಕೆಳಗಿಳಿಯಿತು ಅಷ್ಟೆ. ಮರಳು ಚೀಲದ ಮೇಲೆ ಇಟ್ಟು ಹೊಡೆದದ್ದು ಬರೀ ದಂಡ, ಚೀಲ ಸರಿದಂತೆಲ್ಲ ಗುಂಡೂ ಸರಿಯಿತು. ಶ್ರೀನಿವಾಸಪುರದಿಂದ ಬೆಂಗಳೂರಿಗೆ ಓಡಾಡಿದ ಪೆಟ್ರೋಲು ಬೇರೆ. ಆ ಸಲದ ಬಾದಾಮಿ ಮಾವಿನ ದುಡ್ಡು ಎಲ್ಲಿ ಹೋಯಿತು ಅಂತ ಮನೆಯಲ್ಲಿ ಈಗಲೂ ಕೇಳುತ್ತಾರೆ.

2023ರ ವಿಧಾನಸಭೆ ಚುನಾವಣೆಗೆ ನೀತಿ ಸಂಹಿತೆ ಬಂತು, ಗನ್ ಠಾಣೆ ಸೇರಿತು. ಕೂತು ಲೆಕ್ಕ ಹಾಕಲು ಬಿಡುವು ಸಿಕ್ಕಿದ್ದು ಆಗಲೇ. ಗುಂಡು ನಳಿಗೆಯೊಳಗೆ ಇರುವಾಗಲೇ ಗನ್ ಹಿಂದಕ್ಕೆ ಒದೆಯುತ್ತದೆ, ಬಾಯಿ ಮೇಲೇಳುತ್ತದೆ. ಭಾರದ ಗುಂಡು ಹೆಚ್ಚು ಒದೆಯುತ್ತದೆ, ಹೊರಬೀಳಲು ಹೆಚ್ಚು ಹೊತ್ತೂ ಹಿಡಿಯುತ್ತದೆ. ಗನ್ ಹಗುರವಾದಷ್ಟೂ ಬಾಯಿ ಬೇಗ ಏಳುತ್ತದೆ. ಹಾಗಾದರೆ ಹಗುರ ಗುಂಡು ಹಾಕಿದರೆ ಕೆಳಗಿಳಿಯಬೇಕು.

ಇದನ್ನು ಹೇಳಿದಾಗ ರೇಂಜಿನ ಹಿರಿಯರೊಬ್ಬರು ನಕ್ಕರು. "ಏನಪ್ಪಾ, ಭಾರದ್ದು ಕೆಳಗೆ ಬೀಳುತ್ತೋ ಹಗುರದ್ದೋ?" ಬೀಳುವುದೇನೋ ನಿಜ. ಆದರೆ ಸೆಕೆಂಡಿಗೆ 210 ಮೀಟರ್ ಓಡುವ ಭಾರದ ಗುಂಡು 15 ಮೀಟರ್ ದಾಟುವಷ್ಟರಲ್ಲಿ ಇಳಿಯುವುದು ಎರಡೂವರೆ ಸೆಂಟಿಮೀಟರ್. 235ರ ವೇಗದ ಹಗುರದ್ದು ಎರಡು. ಅರ್ಧ ಸೆಂಟಿಮೀಟರಿಗೆ ಜಗಳವೇ?

ಹೊರದೇಶದ 83 ಗ್ರೇನಿನ ವಾಡ್‌ಕಟರ್ (ಮೂತಿ ಚಪ್ಪಟೆಯಾದ ಗುಂಡು) ಸಿಗಲು ತಿಂಗಳುಗಟ್ಟಲೆ ಹಿಡಿಯಿತು, ರೌಂಡಿಗೆ ಮಾಮೂಲಿಯದರ ಹೆಚ್ಚುಕಡಿಮೆ ಎರಡರಷ್ಟು. ಅಷ್ಟರಲ್ಲಿ 2024ರ ಲೋಕಸಭೆ ಚುನಾವಣೆ, ಗನ್ ಮತ್ತೆ ಠಾಣೆಗೆ. ಕೊನೆಗೂ ಒಂದು ಬೆಳಿಗ್ಗೆ, ಅದೇ ಕಾಗದ, ಅದೇ ಗುರಿ: ಮೊದಲು 98 ಆರು, ಆಮೇಲೆ 83 ಆರು, ಮತ್ತೆ 98. ಹಗುರದವು ಎರಡು ಬೆರಳು ಕೆಳಗೆ, ಬೇರೆಯೇ ಗುಂಪು. ಗೆಳೆಯರು ತಮ್ಮ ಹಳೇ ಉಕ್ಕಿನ ಭಾರದ ರಿವಾಲ್ವರ್‌ನಲ್ಲಿ ಇದನ್ನೇ ಮಾಡಿದಾಗ ಅಂತರ ಒಂದು ಬೆರಳೂ ಇರಲಿಲ್ಲ.

ಹುಚ್ಚು ಹತ್ತಿತಲ್ಲ, ಮಗನ ಗ್ಯಾಸ್ ಏರ್ ಪಿಸ್ತೂಲನ್ನೂ ಬಿಡಲಿಲ್ಲ. 7 ಗ್ರೇನ್, 8.2 ಗ್ರೇನ್ ಪೆಲೆಟ್ (ಏರ್ ಗನ್ನಿನ ಚಿಕ್ಕ ಗುಂಡು), 10 ಮೀಟರ್. ಅಲ್ಲಿ ಉಲ್ಟಾ: ಭಾರದ್ದೇ ಮೂರ್ನಾಲ್ಕು ಮಿಲಿಮೀಟರ್ ಕೆಳಗೆ. ಒದೆತವೇ ಇಲ್ಲದ ಮೇಲೆ ಹಿರಿಯರ ಮಾತೇ ಸರಿ, ಅದನ್ನು ಅವರಿಗೂ ಹೇಳಿದೆ.

ಈಗ ರಬ್ಬರ್ ಹಿಡಿ, 83 ಗ್ರೇನ್, ಜೊತೆಗೆ ಕಿರುಬೆರಳಿನದೊಂದು ಹಿಡಿತ ಸೇರಿ ಗುಂಡು ಕಪ್ಪು ವೃತ್ತ ಬಿಟ್ಟು ಆಚೆ ಹೋಗುವುದಿಲ್ಲ. ಆ ಕಿರುಬೆರಳಿನ ವಿಷಯ ಸದ್ಯಕ್ಕೆ ನನ್ನಲ್ಲೇ ಇರಲಿ. ಹಿರಿಯರು ಎರಡು ಗುಂಪು ಬಿದ್ದಿದ್ದ ಆ ಗುರಿ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋದರು, ಇನ್ನೂ ವಾಪಸು ಕೊಟ್ಟಿಲ್ಲ.